ಹಳದಿ ಕಾರ್ಡಿನ ಕೊನೆಯ ಸಾಲು

ಭಾನುವಾರ ಬೆಳಿಗ್ಗೆ ಎಂಟೂಕಾಲಿಗೆ, ಬಸವೇಶ್ವರನಗರದ ತಮ್ಮ ನರ್ಸಿಂಗ್ ಹೋಮಿನ ಮೆಟ್ಟಿಲ ಮೇಲೆ ನಿಂತು ಡಾಕ್ಟರ್ ಬಸವರಾಜೇಶ್ವರಿ ಹಣೆ ಹಣೆ ಚಚ್ಚಿಕೊಂಡರು. ಅಚ್ಚು ಹಾಕಿಸಿ ತಂದ ಮುನ್ನೂರು ಹಳದಿ ಕಾರ್ಡುಗಳು ಮೂರನೇ ಮೆಟ್ಟಿಲಿನಿಂದ ಹಿಡಿದು ಗೇಟಿನ ತನಕ ಚೆಲ್ಲಿ ಬಿದ್ದಿದ್ದವು. ಅವುಗಳ ಮಧ್ಯೆ ಆಯಾ ಗುರವ್ವ ಕೂತಿದ್ದಳು. ಬಿದ್ದು ಕೂತದ್ದಲ್ಲ ಮಾರಾಯ್ರೇ, ತಾನಾಗಿಯೇ ಕೂತದ್ದು! ಜನವರಿಯ ಚಳಿಗೆ ಊರೆಲ್ಲ ಸ್ವೆಟರ್ ಹಾಕಿಕೊಂಡು ಓಡಾಡುತ್ತಿದ್ದರೆ ಇವಳು ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಳ್ಳುತ್ತಿದ್ದಳು.

“ಏನೇ ಇದು ಗುರವ್ವ? ಒಂದು ಡಬ್ಬ ಕಾರಿನ ತನಕ ಹೊತ್ಕೊಂಡು ಹೋಗಕ್ಕೂ ಆಗಲ್ವೇನೇ?”

“ಮೊಣಕಾಲು ಹಿಡಕೊಂಡ್ವುರೀ ಮೇಡಂ. ಮೈಯೆಲ್ಲಾ ಒಮ್ಮಿಗೇ ಬೆಂಕಿ ಹತ್ತಿದಂಗಾತು. ಎದೀ ಬ್ಯಾರೆ ಡವಡವ ಅಂತೈತಿ.”

“ಮೂವತ್ತಾರು ವರ್ಷಕ್ಕೆ ಮೊಣಕಾಲಾ! ನನಗೆ ಐವತ್ನಾಲ್ಕು ಕಣೇ, ದಿನಾ ಮೂರು ಮಹಡಿ ಹತ್ತಿ ಇಳೀತೀನಿ. ನಿನ್ನೆ ಕೊಟ್ಟ ಮಾತ್ರೆ ತಗೊಂಡ್ಯೋ ಇಲ್ವೋ?”

“ತಗೊಂಡೇನ್ರೀ.”

“ತಗೊಂಡಿದ್ರೆ ಹೀಗಿರ್ತಿದ್ಯಾ? ಏಳು, ಏಳು. ಹೊತ್ತಾಯ್ತು.”

ಆರು ತಿಂಗಳ ಹಿಂದೆ ಸೇರಿದ್ದ ಕಿರಿಯ ವೈದ್ಯೆ ವಚನಾ ಬಗ್ಗಿ ಕಾರ್ಡುಗಳನ್ನು ಆಯತೊಡಗಿದಳು. ಬಸವರಾಜೇಶ್ವರಿ ಅವಳ ಪಕ್ಕಕ್ಕೆ ಹೋಗಿ ದನಿ ತಗ್ಗಿಸಿದರು. ಅವರ ತಗ್ಗಿದ ದನಿಯೂ ಎದುರುಮನೆಯ ತನಕ ಕೇಳುತ್ತದೆ ಎಂಬುದು ಆ ರಸ್ತೆಗೆಲ್ಲ ಗೊತ್ತಿದ್ದ ಸಂಗತಿ, ಅವರೊಬ್ಬರಿಗೆ ಬಿಟ್ಟು.

“ಒಂದನೇ ತಾರೀಖಿಂದ ಬೇರೆ ಆಯಾನ ನೋಡಮ್ಮ ವಚನಾ. ಇವಳ ಕೈಲಿ ಇನ್ನು ಆಗಲ್ಲ.”

ಗುರವ್ವನ ಕೈ ಒಂದು ಕಾರ್ಡಿನ ಮೇಲೆ ನಿಂತಿತು. ಆಮೇಲೆ ಅದನ್ನು ಎತ್ತಿ, ಮಣ್ಣು ಊದಿ, ಡಬ್ಬಕ್ಕೆ ಹಾಕಿತು.

ಬಸವರಾಜೇಶ್ವರಿಯೇನು ಕಲ್ಲೆದೆಯವರಲ್ಲ. ಆದರೆ ಸೈರಣೆಗೂ ಒಂದು ಮಿತಿ ಬೇಡವೇ? ಹಾವೇರಿ ಕಡೆಯ ಹಳ್ಳಿಯಿಂದ ಬಂದು, ಗಾರೆ ಕೆಲಸದ ಗಂಡ ಮರೆಪ್ಪನ ಜೊತೆ ಹೆಗ್ಗನಹಳ್ಳಿಯಲ್ಲಿ ಒಂದು ರೂಮು ಹಿಡಿದಿದ್ದ ಈ ಗುರವ್ವ ನಾಲ್ಕು ವರ್ಷದ ಹಿಂದೆ ಕೆಲಸಕ್ಕೆ ಸೇರಿದಾಗ ಎರಡು ಆಳಿನ ಕೆಲಸ ಒಬ್ಬಳೇ ಮಾಡುತ್ತಿದ್ದಳು. ಈಗ ನೋಡಿದರೆ ಬಿಸಿನೀರಿಟ್ಟು ಮರೆಯುತ್ತಾಳೆ. ಮೂರನೇ ವಾರ್ಡಿಗೆ ಕಳಿಸಿದರೆ ಎರಡನೇ ವಾರ್ಡಿನ ಬಾಗಿಲಲ್ಲಿ ನಿಂತು ‘ನನ್ನ ಯಾಕ ಕಳಿಸಿದ್ರಿ’ ಎಂದು ಕೇಳುತ್ತಾಳೆ. ಒಂದು ಮಾತು ಗಟ್ಟಿಯಾಗಿ ಆಡಿದರೆ ಗೊಳೋ ಎಂದು ಅಳು. ಕಂಡಲ್ಲಿ ಕೂರುತ್ತಾಳೆ. ಹಾಗಂತ ಅವಳನ್ನು ಯಾರೂ ನೋಡಿಕೊಳ್ಳಲಿಲ್ಲ ಎನ್ನುವ ಹಾಗಿಲ್ಲ. ಕೀಲುನೋವು ಎಂದಾಗ ಕ್ಯಾಲ್ಸಿಯಂ ಕೊಟ್ಟಿದ್ದರು. ಎದೆ ಡವಡವ ಎಂದಾಗ ಗ್ಯಾಸಿನ ಮಾತ್ರೆ ಕೊಟ್ಟಿದ್ದರು. ನಿದ್ದೆ ಇಲ್ಲ ಎಂದಾಗ, ‘ಫೋನ್ ನೋಡೋದು ಕಡಿಮೆ ಮಾಡು’ ಎಂದು ಬುದ್ಧಿ ಹೇಳಿದ್ದರು.

ಕೊಟ್ಟದ್ದು ಎಲ್ಲಿಂದ ಅಂತೀರಿ? ಮೇಜಿನ ಎರಡನೇ ಡ್ರಾಯರಿನಿಂದ. ನರ್ಸಿಂಗ್ ಹೋಮುಗಳಲ್ಲಿ ಅದೊಂದು ಪದ್ಧತಿ. ಕೆಲಸದವರಿಗೆ ಚೀಟಿ ಮಾಡಿಸುವುದಿಲ್ಲ. ಫೈಲಿಲ್ಲ, ಟೋಕನ್ನಿಲ್ಲ, ಕುರ್ಚಿಯ ಮೇಲೆ ಕೂರಿಸಿ ಬಿ.ಪಿ. ನೋಡುವುದೂ ಇಲ್ಲ. ಕಾರಿಡಾರಿನಲ್ಲಿ ಎದುರು ಸಿಕ್ಕಾಗ ‘ಮೇಡಂ, ಕಾಲು’ ಅಂದರೆ ಸಾಕು, ಔಷಧಿ ಕಂಪನಿಯವರು ಕೊಟ್ಟುಹೋದ ಸ್ಯಾಂಪಲ್ ರಾಶಿಯಿಂದ ಒಂದು ಪಟ್ಟಿ ಮಾತ್ರೆ ಕೈಗೆ ಬೀಳುತ್ತದೆ. ಕೊಡುವವರು ಅದನ್ನು ಅಕ್ಕರೆ ಅಂತಲೇ ಅಂದುಕೊಂಡಿರುತ್ತಾರೆ. ತೆಗೆದುಕೊಳ್ಳುವವರೂ ಹಾಗೇ ಅಂದುಕೊಂಡಿರುತ್ತಾರೆ.

ಒಂಬತ್ತು ಗಂಟೆಗೆ ಕಾರು ರಾಜಾಜಿನಗರದ ಹೋಟೆಲಿನ ಮುಂದೆ ನಿಂತಿತು. ಮೊದಲ ಮಹಡಿಯ ಸಭಾಂಗಣದಲ್ಲಿ ಅವತ್ತು ಇಡೀ ದಿನ ವೈದ್ಯರಿಗೆ ತರಗತಿ: ಮುಟ್ಟು ನಿಲ್ಲುವ ಕಾಲದ ಹಾರ್ಮೋನ್ ಏರುಪೇರು, ಅದಕ್ಕೆ ಹಾರ್ಮೋನ್ ಬದಲಿ ಚಿಕಿತ್ಸೆ ಯಾರಿಗೆ, ಯಾವಾಗ, ಹೇಗೆ. ಬಸವರಾಜೇಶ್ವರಿ ಇಂಥದ್ದನ್ನು ನಡೆಸುತ್ತಿರುವುದು ಇದು ಮೂರನೇ ಸಲ. ಯಾರೂ ಕೇಳಿಕೊಂಡಿರಲಿಲ್ಲ. ತಾವೇ ಮೈಮೇಲೆ ಎಳೆದುಕೊಂಡದ್ದು.

ಕಾರಣ ಅನಂತಲಕ್ಷ್ಮಿ ಎಂಬ ಹೆಂಗಸು. ಹೋದ ವರ್ಷ ವಿಜಯನಗರದಿಂದ ಸ್ಟ್ರೆಚರಿನಲ್ಲಿ ಬಂದಳು. ನಲವತ್ತೊಂದು ವರ್ಷ. ಮಂಚದಿಂದ ಏಳುವಾಗ ಸೊಂಟದ ಮೂಳೆ ಮುರಿದಿತ್ತು. ಬಿದ್ದಿರಲಿಲ್ಲ, ಬರೀ ಎದ್ದಿದ್ದಳು. ಮೂವತ್ತನೇ ವಯಸ್ಸಿಗೇ ಅವಳ ಎರಡೂ ಅಂಡಾಶಯ ತೆಗೆದಿದ್ದರು. ಆಮೇಲಿನ ಹನ್ನೊಂದು ವರ್ಷದಲ್ಲಿ ಅವಳು ಏಳು ವೈದ್ಯರನ್ನು ಕಂಡಿದ್ದಳು, ಫೈಲು ದಿಂಬಿನಷ್ಟು ದಪ್ಪ ಇತ್ತು. ಗ್ಯಾಸು, ಥೈರಾಯ್ಡು, ನರದ ಬಲಹೀನತೆ, ಟೆನ್ಷನ್ನು, ಎಲ್ಲ ಬರೆದಿದ್ದರು. ‘ನಿನ್ನ ಮುಟ್ಟು ಯಾವಾಗ ನಿಂತಿತಮ್ಮ’ ಎಂದು ಏಳರಲ್ಲಿ ಒಬ್ಬರೂ ಕೇಳಿರಲಿಲ್ಲ. ಆ ಫೈಲು ಓದಿದ ದಿನ ಬಸವರಾಜೇಶ್ವರಿಯ ಮೈಯೆಲ್ಲ ಉರಿದುಹೋಗಿತ್ತು, ಇನ್ನೂ ಆರಿರಲಿಲ್ಲ.

ಇತ್ತ ಸಭಾಂಗಣದಲ್ಲಿ ಏನು ಉತ್ಸಾಹ ಅಂತೀರಿ! ನೋಂದಣಿ ನವೀಕರಣಕ್ಕೆ ಇಂಥ ತರಗತಿಗಳ ಅಂಕ ಬೇಕಲ್ಲ, ಅದಕ್ಕೆ ಇಪ್ಪತ್ತಾರು ಜನ ಬಂದಿದ್ದರು. ಬಾಗಿಲಲ್ಲಿ ಮೇಜು ಹಾಕಿ ಕೂತಿದ್ದ ಗುರವ್ವ ತೋರಿಸಿದ ಕಡೆ ಸಹಿ ಹಾಕಿ, ಚೀಲ, ಪೆನ್ನು, ಹಳದಿ ಕಾರ್ಡು ತೆಗೆದುಕೊಂಡರು. ಒಬ್ಬ ಮಹಾನುಭಾವ ಸಹಿ ಹಾಕಿದವನು ಹಾಗೇ ತಿರುಗಿ ಮೆಟ್ಟಿಲಿಳಿದು ಸ್ಕೂಟರ್ ಹತ್ತಿದ. ಅವತ್ತಿನ ಮೊದಲ ಪ್ರಶ್ನೆ ಬಂದದ್ದು ಎರಡನೇ ಸಾಲಿನಿಂದ.

“ಮೇಡಂ, ಊಟ ಎಷ್ಟೊತ್ತಿಗೆ?”

ಶಿವನೇ, ಎಂದುಕೊಂಡರು ಬಸವರಾಜೇಶ್ವರಿ. ಪಾಠ ಶುರು ಮಾಡಿದರು.

ಅಂಡಾಶಯ ಸೊರಗಿದಾಗ ಈಸ್ಟ್ರೋಜನ್ ಇಳಿಯುತ್ತದೆ, ಅದು ಇಳಿದರೆ ಬರೀ ಮುಟ್ಟು ನಿಲ್ಲುವುದಲ್ಲ, ಮೂಳೆ, ಹೃದಯ, ನಿದ್ದೆ, ನೆನಪು, ಕೀಲು ಎಲ್ಲಕ್ಕೂ ಅದರ ಬಿಸಿ ತಟ್ಟುತ್ತದೆ ಎಂದು ಹೇಳಿದರು. ಐವತ್ತರ ಹತ್ತಿರ ತಾನಾಗಿ ನಿಂತರೆ ಒಂದು ಲೆಕ್ಕ, ನಲವತ್ತರ ಒಳಗೆ ನಿಂತರೆ ಅಥವಾ ಕೊಯ್ದು ತೆಗೆದಿದ್ದರೆ ಬೇರೆಯೇ ಲೆಕ್ಕ, ಅಂಥವರಿಗೆ ಬೇಡ ಎನ್ನಲು ಬಲವಾದ ಕಾರಣ ಇಲ್ಲದಿದ್ದರೆ ಸಹಜವಾಗಿ ನಿಲ್ಲುವ ವಯಸ್ಸಿನ ತನಕವಾದರೂ ಹಾರ್ಮೋನ್ ಕೊಡಲೇಬೇಕು ಎಂದು ಮೇಜು ಕುಟ್ಟಿದರು. ಮೂರನೇ ಸಾಲಿನಲ್ಲೊಬ್ಬರು ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಿತ್ತು.

“ಹಾರ್ಮೋನ್ ಕೊಟ್ರೆ ಕ್ಯಾನ್ಸರ್ ಬರಲ್ವಾ ಮೇಡಂ?” ಎಂದರು ಮುಂದಿನ ಸಾಲಿನ ಹಿರಿಯ ವೈದ್ಯೆ.

“ಬಂತಪ್ಪ! ಇನ್ನೂ ಯಾಕೆ ಬರ್ಲಿಲ್ಲ ಅಂತ ಕಾಯ್ತಾ ಇದ್ದೆ.” ಬಸವರಾಜೇಶ್ವರಿ ನೀರು ಕುಡಿದರು. “ನೋಡಿ ಡಾಕ್ಟ್ರೇ, ಎಲ್ಲರಿಗೂ ಕೊಡಿ ಅಂತ ನಾನು ಹೇಳ್ತಾ ಇಲ್ಲ. ಸ್ತನದ ಕ್ಯಾನ್ಸರ್ ಆಗಿದ್ಯಾ, ರಕ್ತ ಹೆಪ್ಪುಗಟ್ಟಿತ್ತಾ, ಲಿವರ್ ಹೇಗಿದೆ, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇದ್ಯಾ, ನೋಡಿ. ಗರ್ಭಕೋಶ ಇದ್ರೆ ಈಸ್ಟ್ರೋಜನ್ ಒಂದೇ ಕೊಡಬೇಡಿ, ಜೊತೆಗೆ ಪ್ರೊಜೆಸ್ಟರಾನ್ ಬೇಕೇ ಬೇಕು, ಇಲ್ದಿದ್ರೆ ಗರ್ಭಕೋಶದ ಒಳಪದರಕ್ಕೇ ಅಪಾಯ. ಗರ್ಭಕೋಶ ತೆಗೆದಿದ್ರೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು. ವರ್ಷಕ್ಕೊಂದ್ಸಲ ಕರೆದು ಮತ್ತೆ ನೋಡಿ. ಆದ್ರೆ ಮೂವತ್ತೈದು ವರ್ಷದವಳಿಗೆ ಏನೂ ಕೊಡದೆ ಕೂತ್ರೆ ಅವಳ ಮೂಳೆಗೆ, ಹೃದಯಕ್ಕೆ ಆಗೋ ಅಪಾಯಕ್ಕೆ ಯಾರು ಹೆದರ್ತೀರಿ? ಅದಕ್ಕೂ ಸ್ವಲ್ಪ ಹೆದರ್ರೀ!”

ಆಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು. ಡಾಕ್ಟರ್ ಮುತ್ತುರಾಜ. ಹೆಗ್ಗನಹಳ್ಳಿಯಲ್ಲಿ ಇಪ್ಪತ್ತು ವರ್ಷದಿಂದ ಕ್ಲಿನಿಕ್ ಇಟ್ಟವರು. ಮುಖದಲ್ಲಿ ಒಂದು ತುಂಟ ನಗು ಇತ್ತು, ಮಾತಿನಲ್ಲಿ ಇರಲಿಲ್ಲ.

“ಮೇಡಂ, ತಪ್ಪು ತಿಳ್ಕೋಬೇಡಿ. ಇದೆಲ್ಲ ಈ ಕಡೆ ಮೇಡಂಗಳಿಗೆ ಸರಿ. ನನ್ನ ಕ್ಲಿನಿಕ್ಕಿಗೆ ಬಂದು ನೋಡಿ. ಬೆಳಿಗ್ಗೆ ಒಪ್ಪತ್ತಿಗೆ ಎಂಬತ್ತು ಜನ. ಗಾರ್ಮೆಂಟ್ಸ್ ಶಿಫ್ಟಿಗೆ ಓಡಬೇಕು ಅಂತ ನಿಂತ್ಕೊಂಡೇ ಇಂಜೆಕ್ಷನ್ ಹಾಕಿಸ್ಕೊಂಡು ಹೋಗ್ತಾರೆ. ಅವರಲ್ಲಿ ಯಾರನ್ನ ಕೂರಿಸ್ಕೊಂಡು ನಾನು ಮುಟ್ಟಿನ ವಿಚಾರ ಕೇಳಲಿ? ಗಂಡಸು ಬೇರೆ.”

“ಒಂದು ನಿಮಿಷ ಸಾಕು ಡಾಕ್ಟ್ರೇ!” ಬಸವರಾಜೇಶ್ವರಿಯ ದನಿ ಏರಿತು. ಹಳದಿ ಕಾರ್ಡೊಂದನ್ನು ಎತ್ತಿ ಹಿಡಿದರು. “ಅದಕ್ಕೇ ಈ ಕಾರ್ಡ್ ಮಾಡಿಸಿರೋದು. ಮೂರು ಪ್ರಶ್ನೆ. ಮುಟ್ಟು ಯಾವ ವಯಸ್ಸಿಗೆ ನಿಂತಿತು? ಗರ್ಭಕೋಶ, ಅಂಡಾಶಯ ಇವೆಯಾ, ತೆಗೆದಿದ್ದಾರಾ? ಮೈ ಬಿಸಿಯೇರೋದು, ಬೆವರು, ನಿದ್ದೆ ಇಲ್ಲದ್ದು, ಮರೆವು, ಕೀಲುನೋವು, ಇವುಗಳಲ್ಲಿ ಏನೇನಿದೆ? ಅಷ್ಟೇ. ಕೊನೇ ಸಾಲಲ್ಲಿ, ಇಲ್ಲೀವರೆಗೆ ಯಾವ ಡಾಕ್ಟ್ರು ಏನು ಕೊಟ್ಟಿದ್ದಾರೆ ಅಂತ ಬರ್ಕೊಳ್ಳಿ. ಆ ಸಾಲು ಓದಿದ್ರೆ ನಿಮಗೇ ನಾಚಿಕೆ ಆಗುತ್ತೆ. ಮೂವತ್ತು ದಾಟಿದ, ಕೀಲುನೋವು ಅನ್ನೋ ಹೆಂಗಸರಲ್ಲಿ ಯಾರನ್ನಾದ್ರೂ ಕೇಳಿ. ಕಣ್ಣಿಗೆ ಕಾಣಿಸಿದ ಮೊದಲನೇ ಹೆಂಗಸನ್ನೇ ಕೇಳಿ! ಕೇಳಕ್ಕೆ ಮನಸ್ಸಿಲ್ಲ ಅನ್ನಿ, ಒಪ್ಕೋತೀನಿ. ಟೈಮಿಲ್ಲ ಅನ್ಬೇಡಿ.”

ಸಭೆಯಲ್ಲಿ ನಾಲ್ಕು ಜನ ನಕ್ಕರು. ಮುತ್ತುರಾಜ ಕಾರ್ಡು ಜೇಬಿಗಿಟ್ಟುಕೊಂಡು ಕೂತರು. ಗಂಟೆ ಒಂದಾಗಿತ್ತು, ಹೊರಗೆ ಬಿಸಿಬೇಳೆಬಾತಿನ ಪಾತ್ರೆಯ ಮುಚ್ಚಳ ತೆಗೆದ ಸದ್ದು ಬಂತು. ಅಷ್ಟು ಹೊತ್ತು ಬೆನ್ನು ನೋವು, ಮಂಡಿ ನೋವು ಎಂದು ಕೂತಿದ್ದವರೆಲ್ಲ ಒಂದೇ ನೆಗೆತಕ್ಕೆ ಬಾಗಿಲಲ್ಲಿದ್ದರು.

ಬಸವರಾಜೇಶ್ವರಿಗೆ ಊಟ ಸೇರಲಿಲ್ಲ. ತಟ್ಟೆ ಹಿಡಿದು ಮೂಲೆಯಲ್ಲಿ ನಿಂತು ವಚನಾಳ ಎದುರು ಹೊಟ್ಟೆಯೊಳಗಿನ ಸಂಕಟವನ್ನೆಲ್ಲ ಕಾರಿಕೊಂಡರು. “ಯಾರಿಗೋಸ್ಕರ ಒದ್ದಾಡ್ತಾ ಇದೀನೋ ನಾನು! ಇವರು ಬದಲಾಗಲ್ಲ ಕಣೇ. ಕೇಳಲ್ಲ ಇವರು. ಬಾಯಲ್ಲಿ ಒಂದು ಪ್ರಶ್ನೆ ಬರಲ್ಲ. ಕಣ್ಣೆದುರು ನಿಂತಿರೋ ಹೆಂಗಸು ಕಾಣಿಸಲ್ಲ ಇವರಿಗೆ.”

“ಮೇಡಂ, ಒಂದ್ನಿಮಿಷ.” ಹಿಂದಿನಿಂದ ಮುತ್ತುರಾಜ ಬಂದಿದ್ದರು. ಕೈಯಲ್ಲಿ ತಟ್ಟೆ ಇರಲಿಲ್ಲ, ಕಾರ್ಡಿತ್ತು. ಬೆಳಗಿನ ತುಂಟತನ ಮುಖದಿಂದ ಪೂರ್ತಿ ಇಳಿದುಹೋಗಿತ್ತು. “ಹೋಂವರ್ಕ್ ಮಾಡ್ದೆ. ನೀವು ಹೇಳಿದ ಹಾಗೆ, ಕಣ್ಣಿಗೆ ಕಾಣಿಸಿದ ಮೊದಲನೇ ಹೆಂಗಸು. ಹೊರಗೆ ಕರ್ಕೊಂಡು ಹೋಗಿ, ಕಾರಿಡಾರ್ ಕೊನೇಲಿ ಒಬ್ಬರನ್ನೇ ಕೂರಿಸಿ ಕೇಳ್ದೆ. ಒಂದು ನಿಮಿಷಕ್ಕೆ ಸ್ವಲ್ಪ ಜಾಸ್ತಿ ಆಯ್ತು ಅಷ್ಟೇ. ನೀವು ಹೇಳಿದ್ದು ಸರಿ.”

ಬಸವರಾಜೇಶ್ವರಿ ಕಾರ್ಡು ತೆಗೆದುಕೊಂಡರು. ಡಾಕ್ಟರರ ಬರಹವೇ ಆದರೂ ಓದುವ ಹಾಗಿತ್ತು. ವಯಸ್ಸು ಮೂವತ್ತಾರು. ಇಪ್ಪತ್ತೇಳಕ್ಕೆ ಗರ್ಭಕೋಶ ತೆಗೆದಿದ್ದಾರೆ, ಎರಡೂ ಅಂಡಾಶಯ ಸಮೇತ. ಕಾರಣ: ಬಿಳಿಸೆರಗು, ಹೊಟ್ಟೆನೋವು, ‘ಬಿಟ್ಟರೆ ಕ್ಯಾನ್ಸರ್ ಆಗುತ್ತದೆ’ ಎಂದು ಹೆದರಿಸಿದ್ದು. ಡಿಸ್ಚಾರ್ಜ್ ಚೀಟಿ ನೋಡಿದ್ದೇನೆ. ಒಂಬತ್ತು ವರ್ಷದಿಂದ ಮೈ ಉರಿ, ಬೆವರು, ಎದೆ ಬಡಿತ. ನಿದ್ದೆ ಎರಡು ಮೂರು ಗಂಟೆ. ಮರೆವು. ಕೀಲುನೋವು. ಹಾರ್ಮೋನ್ ಚಿಕಿತ್ಸೆ: ಯಾರೂ ಕೊಟ್ಟಿಲ್ಲ.

“ಅಯ್ಯೋ ನನ್ನ ಶಿವನೇ,” ಎಂದರು ಬಸವರಾಜೇಶ್ವರಿ. ಅವರಿಗೆ ಅನಂತಲಕ್ಷ್ಮಿಯ ಸೊಂಟ ನೆನಪಾಯಿತು. “ನೋಡಿದ್ರಾ? ನೋಡಿದ್ರಾ ಡಾಕ್ಟ್ರೇ? ಒಂಬತ್ತು ವರ್ಷ! ಯಾವ ಕಟುಕರು ನೋಡ್ತಾ ಇದ್ರು ಇವಳನ್ನ?”

“ಕೊನೇ ಸಾಲು ಓದಿ ಮೇಡಂ,” ಎಂದರು ಮುತ್ತುರಾಜ, ನೆಲ ನೋಡುತ್ತ.

ಕೊನೆಯ ಸಾಲಿನಲ್ಲಿ ಎರಡು ಹೆಸರಿದ್ದವು. ಮೊದಲು: ಡಾ. ಮುತ್ತುರಾಜ, ಹೆಗ್ಗನಹಳ್ಳಿ, ನೋವಿನ ಇಂಜೆಕ್ಷನ್ನು, ಆರು ಸಲ. ಈಗ: ಡಾ. ಬಸವರಾಜೇಶ್ವರಿ, ಬಸವೇಶ್ವರನಗರ, ಗ್ಯಾಸಿನ ಮಾತ್ರೆ, ಕ್ಯಾಲ್ಸಿಯಂ, ನಾಲ್ಕು ವರ್ಷ.

“ನಿಮ್ಮ ರಿಜಿಸ್ಟರ್ ಮೇಜಿನ ಹತ್ರ ಕೂತಿದ್ರಲ್ಲ, ಅವರು,” ಎಂದರು ಮುತ್ತುರಾಜ. “ನನಗೆ ಮುಖ ನೆನಪಿರ್ಲಿಲ್ಲ. ಅವರಿಗೆ ನನ್ನ ಮುಖ ನೆನಪಿತ್ತು. ನಿಮ್ಮನ್ನ ಚುಚ್ಚೋಕೆ ಅಂತ ತಂದಿದ್ದಲ್ಲ ಮೇಡಂ. ನಾನು ಮೇಲಿನ ಸಾಲು, ನೀವು ಕೆಳಗಿನ ಸಾಲು, ಅಷ್ಟೇ ವ್ಯತ್ಯಾಸ.”

ಬಸವರಾಜೇಶ್ವರಿ ತಟ್ಟೆಯನ್ನು ವಚನಾಳ ಕೈಗೆ ತುರುಕಿದರು. ಇಂಥ ಹೊತ್ತಿನಲ್ಲಿ ಮನುಷ್ಯರಿಗೆ ಮೊದಲು ನಾಚಿಕೆ ಬರಬೇಕು. ಅವರಿಗೆ ಬಂದದ್ದು ಸಿಟ್ಟು. ಆ ಸಿಟ್ಟು ಹೊತ್ತುಕೊಂಡೇ ಅವರು ಸಭಾಂಗಣದ ಹಿಂದಿನ ಸಣ್ಣ ಕೋಣೆಗೆ ನುಗ್ಗಿದರು. ಗುರವ್ವ ಅಲ್ಲಿ ಖಾಲಿ ನೀರಿನ ಬಾಟಲಿಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

“ಯಾಕೆ ಹೇಳ್ಲಿಲ್ಲ ನನಗೆ? ನಾಲ್ಕು ವರ್ಷ ನನ್ನ ಕಣ್ಣ ಮುಂದೆ ಓಡಾಡಿದೀಯ. ಹೆಂಗಸರ ಡಾಕ್ಟ್ರು ಕಣೇ ನಾನು! ನನ್ನ ಬಿಟ್ಟು ಇವತ್ತು ಆ ಮುತ್ತುರಾಜ ಅವರಿಗೆ ಹೇಳ್ತೀಯಲ್ಲ, ಏನನ್ಬೇಕು ನಿನಗೆ?”

“ಅವರು ಕೇಳಿದ್ರುರೀ,” ಎಂದಳು ಗುರವ್ವ.

“ನಾನು ಕೇಳ್ಲಿಲ್ವಾ? ದಿನಾ ಏನಾಯ್ತೇ, ಏನಾಯ್ತೇ ಅಂತ ಕೇಳ್ತಿರ್ಲಿಲ್ವಾ?”

“ಅದು ಬೈಕೋಂತ ಕೇಳತಿದ್ರಿ. ಅದು ಕೇಳಿದಂಗ ಏನ್ರೀ?” ಗುರವ್ವ ಬಾಟಲಿಯನ್ನು ಕೆಳಗಿಟ್ಟಳು. ಅಳುತ್ತಾಳೆ ಎಂದುಕೊಂಡರು ಬಸವರಾಜೇಶ್ವರಿ, ಅಳಲಿಲ್ಲ. “ಒಳಗ ಬಂದ ಹೆಣಮಕ್ಕಳಿಗೆಲ್ಲಾ ಕೇಳತೀರಿ. ನಾನು ಬಾಗಲಾ ಹಿಡಕೊಂಡು ಟೋಕನ್ ಕರೀತಿರತೇನಲ್ರೀ, ಎಲ್ಲಾ ಕೇಳಸತೈತಿ. ಗರ್ಭಚೀಲ ಐತೋ ತಗದಾರೋ, ನಿದ್ದಿ ಹತ್ತತೈತೋ ಇಲ್ಲೋ. ಅವರು ಹೇಳೂದೆಲ್ಲಾ ನಂಗೂ ಐತಿ ಅಂತ ಅನಸತಿತ್ತು. ಇವತ್ತ ಕೇಳತಾರ, ನಾಳೆ ಕೇಳತಾರ ಅಂದ್ಕೊಂಡು ಆ ಚೀಟಿನೂ ದಿನಾ ಚೀಲದಾಗ ಇಟಗೊಂಡು ಬರತಿದ್ದೆ. ಕೇಳಿದ್ರ ತೋರಸಬೇಕಂತ. ನೀವು ಡ್ರಾಯರ್ ತಗದು ಗುಳಿಗಿ ಕೊಟ್ಟ ಕೂಡಲೇ ಮಾತು ಮುಗೀತಿತ್ತು. ಮ್ಯಾಲೆ ನಾ ಏನಂತ ಹೇಳ್ಲಿ? ಮೇಡಂಗ ನಾ ಕಲಸ್ಲೇನು?”

ಬಸವರಾಜೇಶ್ವರಿ ಗೋಡೆಗೊರಗಿಸಿದ್ದ ಪ್ಲಾಸ್ಟಿಕ್ ಕ್ರೇಟಿನ ಮೇಲೆ ಕೂತರು. ಶಾಸ್ತ್ರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎಂದು ಅವರ ಅಜ್ಜಿ ದಾವಣಗೆರೆಯಲ್ಲಿ ಯಾರು ಯಾರಿಗೋ ಅನ್ನುತ್ತಿದ್ದರು, ಆ ಮಾತು ಇಷ್ಟು ವರ್ಷಕ್ಕೆ ತನ್ನ ವಿಳಾಸ ಹುಡುಕಿಕೊಂಡು ಬಂದಿತ್ತು. ಮೂರು ತರಗತಿ, ಮುನ್ನೂರು ಕಾರ್ಡು. ಮೊದಲ ಕಾರ್ಡು ತುಂಬಬೇಕಾಗಿದ್ದವಳು ಬೆಳಿಗ್ಗೆ ಅವುಗಳ ಮಧ್ಯೆಯೇ ಬೆವರು ಒರೆಸಿಕೊಳ್ಳುತ್ತ ಕೂತಿದ್ದಳು. ಅವಳಿಗೆ ತಾವು ಏನೆಂದಿರಿ? ಐವತ್ನಾಲ್ಕರ ತಮ್ಮ ಮೊಣಕಾಲಿನ ಬಡಾಯಿ ಕೊಚ್ಚಿಕೊಂಡಿರಿ ತಾಯಿ.

“ಒಂದನೇ ತಾರೀಖಿಗೆ ಬಿಡಸ್ತೀರೇನ್ರೀ?” ಎಂದು ಕೇಳಿದಳು ಗುರವ್ವ. “ಮುಂಜಾನೆ ವಚನಾ ಮೇಡಂಗ ಹೇಳಿದ್ದು ಕೇಳಿಸ್ತು. ಬಿಡಸೂದಾದ್ರ ಬಿಡಸ್ರಿ. ಆ ಔಷಧದ ಹೆಸರೊಂದು ಬರದು ಕೊಡ್ರಿ. ಊರಾಗರ ತಗೋತೇನಿ.”

“ಯಾರೇ ಬಿಡಿಸ್ತಾರೆ ನಿನ್ನ? ಬಾಯ್ಮುಚ್ಕೊಂಡು ಕೂತ್ಕೋ!” ಎಂದು ಗದರಿದರು ಬಸವರಾಜೇಶ್ವರಿ. ಗದರುವಾಗಲೇ ಕಣ್ಣು ತುಂಬಿತು. ಕನ್ನಡಕ ತೆಗೆದು ಒರೆಸಿದರು. “ತಪ್ಪಾಯ್ತು ಗುರವ್ವ. ನನ್ನಿಂದ ತಪ್ಪಾಯ್ತು.”

ಗುರವ್ವ ಒಂದು ತುಂಬಿದ ನೀರಿನ ಬಾಟಲಿ ತೆರೆದು ಮೇಡಂ ಕೈಗೆ ಕೊಟ್ಟಳು.

“ಒಳಗೆ ಹೋಗಿ ಅವರಿಗೆ ಇದನ್ನ ಹೇಳ್ಲಾ?” ಎಂದು ಕೇಳಿದರು ಬಸವರಾಜೇಶ್ವರಿ ಎರಡು ಗುಟುಕು ಕುಡಿದು. “ನಿನ್ನ ಹೆಸರು ಹೇಳಲ್ಲ. ಬೇಡ ಅಂದ್ರೆ ಹೇಳೋದೇ ಇಲ್ಲ.”

“ಹೇಳ್ರಿ. ಹೆಸರು ಬ್ಯಾಡ್ರಿ, ಆಮ್ಯಾಲೆ ಎಲ್ಲಾರೂ ನನ್ನ ಮಾರಿನ ನೋಡತಾರ.” ಗುರವ್ವ ಮತ್ತೆ ಬಾಟಲಿ ತುಂಬತೊಡಗಿದಳು. “ಖರೇ ಹೇಳ್ರಿ ಮತ್ತ.”

ಎರಡು ಗಂಟೆಗೆ ಸಭಾಂಗಣ ಅರ್ಧ ನಿದ್ದೆಯಲ್ಲಿತ್ತು. ಜಾಮೂನು ತನ್ನ ಕೆಲಸ ಮಾಡಿತ್ತು. ಬಸವರಾಜೇಶ್ವರಿ ಪರದೆಯ ಮೇಲಿನ ಚಿತ್ರ ಆರಿಸಿ, ಹೆಸರಿಲ್ಲದ ಆ ಕಾರ್ಡನ್ನು ಒಂದೊಂದೇ ಸಾಲು ಓದಿದರು. ಇಪ್ಪತ್ತೇಳಕ್ಕೇ ಎರಡೂ ಅಂಡಾಶಯ ಎಂದಾಗ ಕೆಲವರು ತಲೆಯೆತ್ತಿದರು. ನಾಲ್ಕು ವರ್ಷ ಗ್ಯಾಸಿನ ಮಾತ್ರೆ ಎಂದಾಗ ಮುಂದಿನ ಸಾಲಿನ ಹಿರಿಯ ವೈದ್ಯೆ ಲೊಚಗುಟ್ಟಿದರು.

“ಯಾರು ಮೇಡಂ ಆ ಡಾಕ್ಟ್ರು?” ಎಂದರು ಕ್ರಿಕೆಟ್ ನೋಡುತ್ತಿದ್ದವರು. “ಇಂಥವರಿಂದಲೇ ನಮಗೆಲ್ಲ ಕೆಟ್ಟ ಹೆಸರು. ಒಂದು ಪ್ರಶ್ನೆ ಕೇಳಕ್ಕಾಗ್ಲಿಲ್ವಾ ಅವರಿಗೆ?”

“ಆಗ್ಲಿಲ್ಲ,” ಎಂದರು ಬಸವರಾಜೇಶ್ವರಿ. “ಆ ಡಾಕ್ಟ್ರು ನಾನೇ. ಆ ಹೆಂಗಸು ದಿನಾ ನನ್ನ ರೂಮಿನ ಬಾಗಿಲಲ್ಲಿ ನಿಂತಿರ್ತಾರೆ.”

“ಅದಕ್ಕಿಂತ ಮುಂಚಿನ ಡಾಕ್ಟ್ರು ನಾನು,” ಎಂದು ಹಿಂದಿನ ಸಾಲಿನಿಂದ ಮುತ್ತುರಾಜ ಕೈಯೆತ್ತಿದರು. “ಆರು ಇಂಜೆಕ್ಷನ್.”

ಕ್ರಿಕೆಟ್ಟಿನವರು ಫೋನನ್ನು ಬೋರಲು ಹಾಕಿದರು. ಹಿರಿಯ ವೈದ್ಯೆ ಚೀಲದಿಂದ ಪೆನ್ನು ಹುಡುಕಿ ತೆಗೆದು, “ಮೇಡಂ, ನಮ್ಮ ಕ್ಲಿನಿಕ್ಕಿನ ಕೆಲಸದವಳಿಗೂ ಸದಾ ಕೀಲುನೋವು,” ಎಂದು ಮೆಲ್ಲಗೆ ಹೇಳಿದರು. “ಇಂಥವರಿಗೆ ಮೊದಲು ಯಾವ ಪರೀಕ್ಷೆ ಮಾಡಿಸ್ಬೇಕು, ಇನ್ನೊಂದ್ಸಲ ಹೇಳ್ತೀರಾ?” ಆ ಒಂದು ಮಾತಿಗಾಗಿ ಬಸವರಾಜೇಶ್ವರಿ ಮೂರು ತರಗತಿ ಗಂಟಲು ಹರಿದುಕೊಂಡಿದ್ದರು. ಬಂದದ್ದು ತಮ್ಮ ಮಾನ ಹರಾಜಾದ ಮೇಲೆ. ಇನ್ನೊಂದು ಸಲ ಹೇಳಿದರು, ಐದು ಗಂಟೆಯ ತನಕ ಹೇಳಿದರು.

ಸೋಮವಾರ ಬೆಳಿಗ್ಗೆ ಟೋಕನ್ ನಂಬರ್ ಒಂದು ಗುರವ್ವನದು. ಅದನ್ನು ಕೌಂಟರಿನಲ್ಲಿ ಬರೆಸಿದವರು ಬಸವರಾಜೇಶ್ವರಿಯೇ. ಹೊಸ ಫೈಲು ಮೇಜಿನ ಮೇಲಿತ್ತು. ಎರಡನೇ ಡ್ರಾಯರನ್ನು ಅವರು ಬೆಳಿಗ್ಗೆಯೇ ಖಾಲಿ ಮಾಡಿ, ಸ್ಯಾಂಪಲ್ಲುಗಳನ್ನೆಲ್ಲ ಔಷಧಿ ಕೊಠಡಿಗೆ ಕಳಿಸಿದ್ದರು. ಎದುರಿನ ಕುರ್ಚಿಯಲ್ಲಿ ಗುರವ್ವ ತುದಿಗೆ ಕೂತಿದ್ದಳು, ಯಾರಾದರೂ ಬಂದು ಏಳು ಎಂದುಬಿಟ್ಟಾರು ಎನ್ನುವಂತೆ.

“ಪೂರ್ತಿ ಕೂತ್ಕೊಳ್ಳೇ,” ಎಂದು ರೇಗಿದರು ಬಸವರಾಜೇಶ್ವರಿ. ಆಮೇಲೆ ದನಿ ಇಳಿಸಿ, ಬಿ.ಪಿ. ಪಟ್ಟಿ ಸುತ್ತಿದರು. ಬಿ.ಪಿ. ಸರಿಯಾಗಿತ್ತು. ಇವತ್ತು ರಕ್ತ ಪರೀಕ್ಷೆ, ಮೂಳೆಯ ಸ್ಕ್ಯಾನು, ಸ್ತನದ ಪರೀಕ್ಷೆ, ಎಲ್ಲ ನೋಡಿಕೊಂಡು, ತೊಂದರೆ ಏನಿಲ್ಲ ಎಂದಾದರೆ ಈ ವಾರವೇ ಹಾರ್ಮೋನ್ ಶುರು, ದಿನಾ ತೋಳಿಗೆ ಹಚ್ಚಿಕೊಳ್ಳುವ ಜೆಲ್ ಎಂದು ತಿಳಿಸಿ ಹೇಳಿದರು. ಕಳೆದುಹೋದ ಒಂಬತ್ತು ವರ್ಷದ ಮೂಳೆ ಪೂರ್ತಿ ವಾಪಸು ಬರುತ್ತದೆ ಎಂದು ಮಾತ್ರ ಹೇಳಲಿಲ್ಲ. ಸುಳ್ಳು ಹೇಳುವ ಮುಖ ಉಳಿದಿರಲಿಲ್ಲ.

“ಆ ಚೀಟಿ ಕೊಡು.”

ಗುರವ್ವ ಚೀಲದಿಂದ ಹಾಲಿನ ಕವರೊಂದನ್ನು ತೆಗೆದು, ಅದರೊಳಗಿಂದ ಡಿಸ್ಚಾರ್ಜ್ ಚೀಟಿ ಹೊರತೆಗೆದು ಮೇಜಿನ ಮೇಲೆ ಹರಡಿದಳು. ಮಡಿಕೆಯ ಗುಂಟ ಸವೆದು ನಾಲ್ಕು ತುಂಡಾಗಿತ್ತು. ಬಸವರಾಜೇಶ್ವರಿ ತುಂಡುಗಳನ್ನು ಜೋಡಿಸಿ, ಒಂದೊಂದು ಅಕ್ಷರವನ್ನೂ ಓದಿ, ಫೈಲಿಗೆ ಬರೆದುಕೊಂಡರು. ಆಮೇಲೆ ಪೆನ್ನು ಹಿಡಿದು, ಎಲ್ಲ ರೋಗಿಗಳನ್ನೂ ಕೇಳುವ ಅದೇ ದನಿಯಲ್ಲಿ ಕೇಳಿದರು.

“ಈಗ ಹೇಳು. ಮೊದಲಿಂದ ಹೇಳು. ಮುಟ್ಟು ನಿಂತ ಮೇಲೆ ಏನೇನಾಯ್ತು?”

ಗುರವ್ವ ಬಾಯಿ ತೆರೆದವಳು ತಡೆದಳು. ಹಿಂದಕ್ಕೆ ತಿರುಗಿ ನೋಡಿದಳು. ಬಾಗಿಲು ಎಂದಿನಂತೆ ಅರ್ಧ ತೆರೆದಿತ್ತು. ಆಚೆ ಬೆಂಚಿನ ಮೇಲೆ ಎಂಟು ಹೆಂಗಸರು ಕೂತಿದ್ದರು.

“ಮೊದ್ಲ ಆ ಬಾಗಲಾ ಹಾಕ್ರಿ ಮೇಡಂ,” ಎಂದಳು. “ಹೊರಗ ಎಲ್ಲಾ ಕೇಳಸತೈತಿ.”

ಬಸವರಾಜೇಶ್ವರಿ ಎದ್ದು ಹೋಗಿ ಬಾಗಿಲು ಹಾಕಿದರು.